ಸುರಪುರದ ರೈಫಲ್‌ಗೆ ನಾನು ಬರೆದ ಎರಡು ವರದಿಗಳು

ಶಹಾಪುರದ ಬಂದೂಕಿನ ಅಂಗಡಿಯ ಚಾಚಾ ನನಗೆ ಕೊಟ್ಟಿದ್ದು ಒಂದೇ ತಾಸು. ಅಂಗಡಿ ಅಂದರೆ ದೊಡ್ಡದೇನಲ್ಲ. ಹತ್ತು ಫೂಟಿನ ಒಂದು ಕೋಣೆ, ಅದರ ಹಿಂದೆ ಕಬ್ಬಿಣದ ಬಾಗಿಲಿನ ಇನ್ನೊಂದು ಸಣ್ಣ ಕೋಣೆ. ಹಂದಿ ಕಾಟಕ್ಕೆಂದು ಲೈಸೆನ್ಸ್ ತೆಗೆದುಕೊಂಡ ರೈತರ ಬಂದೂಕುಗಳು, ಚುನಾವಣೆಗೆ ಜಮಾ ಮಾಡಿಸಿದವು, ಮಾಲೀಕರು ತೀರಿಕೊಂಡು ಹೆಸರು ಬದಲಾಗದೆ ಕೂತವು, ಎಲ್ಲ ಆ ಒಳಕೋಣೆಯಲ್ಲಿ. ನನ್ನ ಹತ್ತಿರ ಲೈಸೆನ್ಸ್ ಇಲ್ಲ. ಆದ್ದರಿಂದ ಚಾಚಾ ನನ್ನ ಮಗ್ಗುಲಲ್ಲೇ ಸ್ಟೂಲ್ ಹಾಕಿಕೊಂಡು ಕೂರಬೇಕು, ಬಂದೂಕು ಟೇಬಲ್ ಬಿಟ್ಟು ಕದಲಬಾರದು, ಒಂದು ಸ್ಕ್ರೂ ಕೂಡ ಬಿಚ್ಚಬಾರದು.

“ನೋಡು, ಬರಿ, ಫೋಟೊ ತಗಿ,” ಅಂದರು ಚಾಚಾ. “ಬಿಚ್ಚಿದಿ ಅಂದ್ರ ನನ್ನ ಅಂಗಡಿ ಬಿಚ್ತಾರ.”

ಹಳೇ ಸೀರೆಯಲ್ಲಿ ಸುತ್ತಿದ್ದನ್ನು ಅವರು ಟೇಬಲ್ ಮೇಲೆ ಇಟ್ಟು ಬಿಡಿಸಿದರು. ಲಿವರ್ ರೈಫಲ್. ಟ್ರಿಗರ್ ಸುತ್ತ ಇರುವ ಕಬ್ಬಿಣದ ಕಡಗವನ್ನು ಕೆಳಗೆ ತಳ್ಳಿ ಮತ್ತೆ ಎಳೆದರೆ ಹಳೆ ತೋಟೆಯ ಕೊಳವೆ ಹೊರಗೆ ಬಿದ್ದು ಹೊಸ ತೋಟೆ ಒಳಗೆ ಕೂರುತ್ತದೆ. ನಳಿಗೆಯ ಕೆಳಗೆ ಅದಕ್ಕೆ ಸಮಾಂತರವಾಗಿ ಇನ್ನೊಂದು ಕೊಳವೆ, ತೋಟೆಗಳು ಸಾಲಾಗಿ ಮಲಗುವುದು ಅದರಲ್ಲಿ. ಅಮೆರಿಕದಲ್ಲಿ ಮಾಡಿದ್ದು, ವಯಸ್ಸು ನೂರು ದಾಟಿದೆ. ಇದರ ಒಳಗಿನ ಒಂದೊಂದು ತುಂಡನ್ನೂ ನಾನು ನೋಟ್‌ಬುಕ್ಕಿನಲ್ಲಿ ಹತ್ತಾರು ಸಲ ಬರೆದಿದ್ದೆ. ಫೋನಿನಲ್ಲಿ ನೋಡಿ ನೋಡಿ, ನಿಲ್ಲಿಸಿ ನಿಲ್ಲಿಸಿ ಬರೆದಿದ್ದು. ಮುಟ್ಟಿದ್ದು ಅದೇ ಮೊದಲು.

ಕಡೇಚೂರಿನ ಫ್ಯಾಕ್ಟರಿಯಲ್ಲಿ ನನ್ನದು ಶಿಫ್ಟ್ ಕೆಲಸ. ಸೈದಾಪುರದಲ್ಲಿ ನಾಲ್ಕು ಜನ ಸೇರಿ ಒಂದು ರೂಮು ಮಾಡಿದ್ದೇವೆ. ನಾಲ್ವರದೂ ಬೇರೆ ಬೇರೆ ಶಿಫ್ಟು. ಒಬ್ಬ ಏಳುವಾಗ ಇನ್ನೊಬ್ಬ ಮಲಗುತ್ತಾನೆ. ಹಳೇ ಬಂದೂಕುಗಳ ಯಂತ್ರದ ಬಗ್ಗೆ ನಾನು ಕನ್ನಡದಲ್ಲಿ ಬರೆದು ಫೋನಿನಲ್ಲಿ ಹಾಕುತ್ತಿದ್ದೆ. ಓದುವವರು ಏಳೆಂಟು ಜನ, ಅದರಲ್ಲಿ ಇಬ್ಬರು ನನ್ನ ರೂಮಿನವರು, ಅವರೂ ಓದದೆ ಹೆಬ್ಬೆಟ್ಟು ಒತ್ತುವವರು. ಇದರ ಬಗ್ಗೆ ಬಾಯಿ ಬಿಟ್ಟು ಮಾತಾಡುವ ಒಬ್ಬ ಮನುಷ್ಯ ನನಗೆ ಸಿಕ್ಕಿರಲಿಲ್ಲ.

ಆ ಏಳೆಂಟು ಜನರಲ್ಲಿ ಒಬ್ಬರು ಸುರಪುರದ ಹೈಸ್ಕೂಲಿನ ಒಬ್ಬ ಟೀಚರ್. ನಮ್ಮ ಕಡೆ ಟೀಚರಿಗೆ ಅಕ್ಕೋರು ಅನ್ನುತ್ತೇವೆ, ನಾನೂ ಹಾಗೇ ಕರೆದೆ. ರೈಫಲ್ ಅವರ ಅಪ್ಪನದು. ಅಪ್ಪ ತೀರಿಕೊಂಡು ವರ್ಷವಾಗಿತ್ತು, ಬಂದೂಕು ಚಾಚಾನ ಅಂಗಡಿಗೆ ಜಮಾ ಆಗಿತ್ತು. ಈಗ ಜಿಲ್ಲಾ ಕಚೇರಿಯಿಂದ ಪತ್ರ ಬಂದಿತ್ತು. ತಿಂಗಳೊಪ್ಪತ್ತಿನಲ್ಲಿ ಲೈಸೆನ್ಸ್ ಇರುವ ಯಾರಿಗಾದರೂ ವರ್ಗ ಮಾಡಿಸಿ, ಇಲ್ಲವಾದರೆ ಸರ್ಕಾರಕ್ಕೆ ಒಪ್ಪಿಸಿ. ಒಪ್ಪಿಸಿದ ಹಳೇ ಬಂದೂಕುಗಳ ಗತಿ ಏನು ಅಂತ ಚಾಚಾ ಅವರಿಗೆ ಮೊದಲೇ ಹೇಳಿಬಿಟ್ಟಿದ್ದರು. ಕಟ್ಟರ್ ಹಚ್ಚಿ ತುಂಡು ಮಾಡುತ್ತಾರೆ.

ಅಕ್ಕೋರು ಫೋನಿನಲ್ಲಿ ಹೇಳಿದ ಮಾತು ಇಷ್ಟೇ. “ನನ್ನ ಹೆಸರಿಗಿ ಬ್ಯಾಡ ತಮ್ಮಾ. ಬಂದೂಕ ಇಟಗೊಂಡು ನಾ ಏನ ಮಾಡ್ಲಿ? ಆದ್ರ ವರ್ಷಾ ಪೂಜಿ ಮಾಡಿದ ಆಯುಧ ಅದು, ಭಿನ್ನ ಆಗಬಾರ್ದು. ಅಪ್ಪ ಅದೊಂದ ಮಾತ ಹೇಳಿ ಹೋಗ್ಯಾನ. ಇಡಿಯಾಗಿ ಇಟಗೊಳ್ಳೋರು ಯಾರರೆ ಇದ್ರ ಹುಡುಕು.”

ನಾನು ಹುಡುಕಿದೆ. ಹೈದರಾಬಾದಿನಲ್ಲಿ ಒಬ್ಬ ಡಾಕ್ಟರು, ಹಳೇ ಬಂದೂಕು ಕೂಡಿಸಿಡುವ ಲೈಸೆನ್ಸ್ ಇದ್ದವರು, ಫೋನಿನ ಒಂದು ಗುಂಪಿನಲ್ಲಿ ಸಿಕ್ಕರು. ಅವರ ಹತ್ತಿರ ಈ ಮಾದರಿ ಇರಲಿಲ್ಲ. ಆದರೆ ಅವರಿಗೆ ಬೇಕಾಗಿದ್ದು ಮೂಲ ಬಣ್ಣ ಉಳಿದ ಬಂದೂಕು ಮಾತ್ರ. ತಯಾರಾದ ದಿನ ಕಂಪನಿಯವರು ಕಬ್ಬಿಣಕ್ಕೆ ಕೊಟ್ಟ ನೀಲಿಗಪ್ಪು ಬಣ್ಣ ಎಷ್ಟು ಪಾಲು ಉಳಿದಿದೆ ಅನ್ನುವುದರ ಮೇಲೆಯೇ ಕೂಡಿಸುವವರು ಬಂದೂಕಿನ ಸ್ಥಿತಿ ಅಳೆಯುತ್ತಾರೆ. ಹೊಸದಾಗಿ ಬಣ್ಣ ಕಟ್ಟಿದ್ದು, ತಿಕ್ಕಿ ಬೆಳ್ಳಗೆ ಮಾಡಿದ್ದು ಅವರಿಗೆ ಬೇಡ. “ನೀವೇ ಹತ್ತಿರದಲ್ಲಿದ್ದೀರಿ, ಒಂದು ವರದಿ ಬರೆದು ಕಳಿಸಿ, ಅದರ ಮೇಲೆ ಬರುತ್ತೇನೆ” ಅಂದರು. ನೀವು ಅಂದರು ನನಗೆ. ಮಂಗಳವಾರ ನನ್ನ ರಜೆ, ಬೆಳಗಿನ ಗಾಡಿಗೆ ಯಾದಗಿರಿ, ಅಲ್ಲಿಂದ ಬಸ್ಸಿಗೆ ಶಹಾಪುರ.

ಮೊದಲ ಕೆಲಸ ಬಂದೂಕು ಖಾಲಿ ಇದೆಯೇ ನೋಡುವುದು. ಎಂಥ ಅವಸರ ಇದ್ದರೂ ಅದೇ ಮೊದಲು. ನಳಿಗೆಯ ಬಾಯಿ ಗೋಡೆಗೆ ತಿರುಗಿಸಿ, ಬೆರಳನ್ನು ಟ್ರಿಗರಿನಿಂದ ದೂರ ಇಟ್ಟು ಲಿವರ್ ಕೆಳಗೆ ತಳ್ಳಿದೆ. ಅರ್ಧಕ್ಕೆ ನಿಂತಿತು. ಜೋರು ಮಾಡಲಿಲ್ಲ. ಕೀಲಿನ ಸಂದಿಗಳಿಗೆ ಸಿರಿಂಜಿನಿಂದ ಎರಡೆರಡು ಹನಿ ತೆಳು ಎಣ್ಣೆ ಬಿಟ್ಟು ಹತ್ತು ನಿಮಿಷ ಕಾದೆ. ಆಮೇಲೆ ನರಳುತ್ತಾ ಪೂರ್ತಿ ತೆರೆಯಿತು. ತೋಟೆ ಕೂರುವ ಜಾಗ ಖಾಲಿ. ಪಕ್ಕದ ಸಣ್ಣ ಬಾಗಿಲನ್ನು ಕಿರುಬೆರಳಲ್ಲಿ ಒತ್ತಿ ಕೊಳವೆಯೂ ಖಾಲಿ ಅಂತ ಖಾತ್ರಿ ಮಾಡಿಕೊಂಡೆ. ಚಾಚಾ ಮೊದಲೇ ನೋಡಿದ್ದರು, ಆದರೂ ನಾನು ಇನ್ನೊಮ್ಮೆ ನೋಡಿದೆ.

ಆಮೇಲೆ ನಳಿಗೆ. ಹಿಂದೆ ತೋಟೆ ಕೂರುವ ತೆರೆದ ಬಾಯಿಯ ಹತ್ತಿರ ಹೆಬ್ಬೆರಳಿನ ಉಗುರು ಹಿಡಿದು ಅದಕ್ಕೆ ಟಾರ್ಚ್ ಬಿಟ್ಟರೆ ಉಗುರು ಕನ್ನಡಿಯ ಕೆಲಸ ಮಾಡುತ್ತದೆ, ಮುಂದಿನಿಂದ ನೋಡಿದರೆ ಒಳಗಿನ ಸುರುಳಿ ಗೆರೆಗಳು ಕಾಣುತ್ತವೆ. ಗೆರೆ ಇದ್ದವು. ಮಧ್ಯದಲ್ಲಿ ಕಪ್ಪು ಚುಕ್ಕಿಗಳು, ತುಕ್ಕು ತಿಂದ ಗುಂಡಿಗಳು. ಮುಂದಿನ ಬಾಯಿಯ ಅಂಚು ಒಡೆದಿರಲಿಲ್ಲ. ಘೋಡಾ, ಅಂದರೆ ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆ, ಅರ್ಧ ಎತ್ತಿದಾಗ ಒಂದು ಕಡೆ, ಪೂರ್ತಿ ಎತ್ತಿದಾಗ ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತಿತ್ತು. ಲಿವರ್ ಮುಚ್ಚಿದಾಗ ತೋಟೆಯ ಹಿಂದಿನ ಅಗುಳಿ ಅಲುಗಾಡುತ್ತಿರಲಿಲ್ಲ. ಕುಂದಾ, ಭುಜಕ್ಕೆ ಒತ್ತಿಕೊಳ್ಳುವ ಮರದ ಭಾಗ, ಅದರ ಹಿಂತುದಿಯಲ್ಲಿ ಒಂದು ಬಿರುಕು, ಯಾರೋ ಹಿಂದೆ ಅರಗು ತುಂಬಿದ್ದರು. ಎಲ್ಲ ಬರೆದುಕೊಂಡೆ. ಅಷ್ಟರಲ್ಲಿ ಐವತ್ತು ನಿಮಿಷ ಮುಗಿದಿತ್ತು.

ಬಣ್ಣಕ್ಕೆ ಉಳಿದಿದ್ದು ಹತ್ತು ನಿಮಿಷ. ಅಂಗಡಿಯಲ್ಲಿ ಒಂದೇ ಟ್ಯೂಬ್‌ಲೈಟು. ನಳಿಗೆ ಕಪ್ಪಗೆ, ಕಂದು ಮಿಶ್ರಿತ ಕಪ್ಪಗೆ, ಆಳವಾಗಿ ಕಾಣುತ್ತಿತ್ತು. ನಾನು ಫೋನಿನಲ್ಲಿ ನೋಡಿದ ನೂರಾರು ಫೋಟೊಗಳ ಹಾಗೇ ಇತ್ತು. ಅಲ್ಲಲ್ಲಿ ಸವೆದು ಬೂದು ಬಣ್ಣ ಕಾಣುವ ಪಟ್ಟೆಗಳು. ಅವನ್ನು ಕಣ್ಣಳತೆಯಲ್ಲಿ ಕಳೆದು ಬರೆದೆ: ಮೂಲ ಬಣ್ಣ, ಸುಮಾರು ನೂರಕ್ಕೆ ಅರವತ್ತು.

ಬಸ್ಸಿನಲ್ಲೇ ಟೈಪ್ ಮಾಡಿ ಡಾಕ್ಟರಿಗೆ ಕಳಿಸಿದೆ. ಬಸ್ಸು ಭೀಮಾ ಸೇತುವೆ ದಾಟುವಾಗ ಅವರ ಫೋನ್ ಬಂತು. ಯಾದಗಿರಿ ಸ್ಟೇಷನ್ನಿಗೆ ನಡೆದುಕೊಂಡು ಹೋಗುತ್ತಾ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು, ಸೈದಾಪುರದ ಗಾಡಿ ಬರುವವರೆಗೂ ಮಾತಾಡಿದೆವು. ಘೋಡಾದ ಸ್ಪ್ರಿಂಗಿನ ಬಗ್ಗೆ, ಅರಗು ತುಂಬಿದ ಬಿರುಕಿನ ಬಗ್ಗೆ. ನಾನು ಒಂದು ಕೇಳಿದರೆ ಅವರು ಮೂರು ಹೇಳುತ್ತಿದ್ದರು, ಅವರು ಒಂದು ಕೇಳಿದರೆ ನಾನು ಐದು. ಅವತ್ತಿನವರೆಗೆ ನಾನು ಇವನ್ನೆಲ್ಲ ಜೋರಾಗಿ ಬಾಯಿಂದ ಹೇಳಿಯೇ ಇರಲಿಲ್ಲ. ಕೆಲವು ಶಬ್ದಗಳ ಉಚ್ಚಾರ ತಪ್ಪಾಗಿ ಕಲಿತಿದ್ದೆ ಅಂತ ಗೊತ್ತಾಗಿದ್ದೇ ಆಗ. ಹನ್ನೆರಡು ದಿನ ಬಿಟ್ಟು ಬರುವ ಭಾನುವಾರ ಬರುತ್ತೇನೆ, ಕಾಗದ ಪತ್ರ ಶುರು ಮಾಡಿಸಿ ಅಂದರು. ಅಷ್ಟರೊಳಗೆ ನಳಿಗೆಯ ಮೇಲಿನ ಅಕ್ಷರಗಳ ಹತ್ತಿರದ ಫೋಟೊ ಬೇಕು ಅಂತಲೂ ಹೇಳಿದರು.

ಮುಂದಿನ ಮಂಗಳವಾರ ಮತ್ತೆ ಶಹಾಪುರ. ಈ ಸಲ ಭೂತಗನ್ನಡಿ, ಹತ್ತಿ, ಸ್ಪಿರಿಟ್ ಒಯ್ದಿದ್ದೆ. ಕೆತ್ತಿದ ಅಕ್ಷರಗಳ ಒಳಗೆ ಏನೋ ತುಂಬಿಕೊಂಡಿತ್ತು, ಓದಲು ಬರುತ್ತಿರಲಿಲ್ಲ. ಚಾಚಾನನ್ನು ಕೇಳಿದೆ, ಒಂದು ಅಕ್ಷರದಷ್ಟು ಜಾಗ ಒರೆಸಲೇ ಅಂತ. ಒರೆಸು ಅಂದರು. ಸ್ಪಿರಿಟಿನ ಹತ್ತಿ ಇಟ್ಟು ಎಣಿಸಿ ಇಪ್ಪತ್ತು ಸಲ ಮೆಲ್ಲಗೆ ತಿರುಗಿಸಿದೆ.

ಮೂಲ ಬಣ್ಣ ಸ್ಪಿರಿಟಿಗೆ ಬಿಡುವುದಿಲ್ಲ. ಇದು ಬಿಟ್ಟಿತು. ಹತ್ತಿ ಕಂದಾಯಿತು, ಅಂಚಿಗೆ ಹಳದಿ. ಅಕ್ಷರದ ಜಾಗದಲ್ಲಿ ಕಬ್ಬಿಣ ಬೆಳ್ಳಿಯ ಹಾಗೆ ಹೊಳೆಯಿತು.

ಹತ್ತಿ ಮೂಸಿದೆ. ದೇವರ ಜಗುಲಿಯ ವಾಸನೆ, ಸುಟ್ಟ ಎಣ್ಣೆಯದು. ಚಾಚಾನ ಎಲೆಯಡಿಕೆಯ ಡಬ್ಬಿ ಪಕ್ಕದಲ್ಲೇ ಇತ್ತು, ಅದರಿಂದ ಕಡ್ಡಿಯ ತುದಿಯಷ್ಟು ಸುಣ್ಣ ತೆಗೆದುಕೊಂಡು ಹತ್ತಿಯ ಹಳದಿ ಅಂಚಿಗೆ ಹಚ್ಚಿದೆ. ಕೆಂಪಾಯಿತು. ಅರಿಶಿನ. ಓಕುಳಿ ಕಲಸಿದ ಮನೆಯವರಿಗೆ ಯಾರಿಗಾದರೂ ಗೊತ್ತು, ಅರಿಶಿನಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆ ಅಂತ.

“ಏನಾತು?” ಅಂದರು ಚಾಚಾ.

“ಬಣ್ಣ ಅಲ್ರಿ ಚಾಚಾ ಇದು. ಪೂಜಿ.”

ಆಮೇಲೆ ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಈ ನಳಿಗೆ ದುಂಡಗಿನದಲ್ಲ, ಎಂಟು ಮುಖದ್ದು. ಮುಖ ಮುಖ ಕೂಡುವ ಅಂಚು ಬ್ಲೇಡಿನ ಹಾಗೆ ಇರಬೇಕು. ಸ್ಟೀಲ್ ಸ್ಕೇಲ್ ಇಟ್ಟು ಹಿಂದಿನಿಂದ ಟಾರ್ಚ್ ಬಿಟ್ಟೆ. ಅಂಚುಗಳೆಲ್ಲ ಸವೆದು ದುಂಡಗಾಗಿದ್ದವು. ಸ್ಕ್ರೂಗಳ ಸುತ್ತ ಕಬ್ಬಿಣ ತಟ್ಟೆಯ ಹಾಗೆ ತಗ್ಗಾಗಿತ್ತು. ಎಷ್ಟೋ ವರ್ಷ ಯಾರೋ ಇದನ್ನು ತಿಕ್ಕಿ ತಿಕ್ಕಿ ಬೆಳಗಿದ್ದರು. ಆಮೇಲೆ ಬೆಳಗುವುದು ನಿಂತಿತ್ತು, ಬರೀ ಎಣ್ಣೆ, ಅರಿಶಿನ, ಧೂಪದ ಹೊಗೆ ಒಂದರ ಮೇಲೊಂದು ಕೂತು ಗಟ್ಟಿಯಾಗಿತ್ತು. ನಾನು ನೂರಕ್ಕೆ ಅರವತ್ತು ಅಂತ ಬರೆದಿದ್ದು ಆ ಪದರವನ್ನು.

ನಳಿಗೆಗೂ ಕೆಳಗಿನ ಕೊಳವೆಗೂ ನಡುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಅಲ್ಲಿ ಎರಡು ಬೆರಳಗಲ ಉದ್ದಕ್ಕೆ ನಿಜವಾದ ನೀಲಿ ಇತ್ತು. ನವಿಲಿನ ಕುತ್ತಿಗೆಯ ಹಾಗೆ. ಕೈ ಹೋಗದ ಜಾಗವಾದ್ದರಿಂದ ಉಳಿದಿತ್ತು. ಅದನ್ನು ಎಷ್ಟು ಹೊತ್ತು ನೋಡಿದೆನೋ, ಚಾಚಾ ಗಡಿಯಾರ ತೋರಿಸಿದರು.

ವರದಿಗೆ ಖಾತ್ರಿ ಬೇಕಿತ್ತು. ಅಂಗಡಿಯ ಹೊರಗೆ ಬಂದು ಅಕ್ಕೋರಿಗೆ ಫೋನ್ ಮಾಡಿ, ಮಹಾನವಮಿಯ ಆಯುಧ ಪೂಜೆಗೆ ಬಂದೂಕನ್ನು ಹೇಗೆ ತೊಳೆಯುತ್ತಿದ್ದರು ಅಂತ ಕೇಳಿದೆ. ಅವರ ದನಿ ಒಮ್ಮೆಲೇ ಅರಳಿತು. ತೊಳೆಯುತ್ತಿದ್ದುದು ತಾವೇ ಅಂದರು. ನಾಲ್ಕನೇ ಕ್ಲಾಸಿನಿಂದ ಕಾಲೇಜಿಗೆ ಹಾಸ್ಟೆಲ್ ಸೇರುವವರೆಗೂ. ಹಿತ್ತಲಲ್ಲಿ ಹಿತ್ತಾಳೆ ಸಾಮಾನು ಬೆಳಗುವಾಗ ಅಪ್ಪ ಅದನ್ನೂ ತಂದು ಕೊಡುತ್ತಿದ್ದರಂತೆ. ಹುಣಸೆಹಣ್ಣು, ಒಲೆಯ ಬೂದಿ, ಇಟ್ಟಂಗಿ ಪುಡಿ. ಮುಖ ಕಾಣುವ ಹಾಗೆ ಬೆಳಗಿದರೆ ಅಪ್ಪ ಓಣಿಯವರನ್ನೆಲ್ಲ ಕರೆದು ತೋರಿಸುತ್ತಿದ್ದರಂತೆ. ಅವರಿಗಿಂತ ಮೊದಲು ಅಜ್ಜಿ ಬೆಳಗುತ್ತಿದ್ದರಂತೆ. ಹಾಸ್ಟೆಲ್ಲಿಗೆ ಹೋದ ಮೇಲೆ ಅಪ್ಪ ಬರೀ ಎಣ್ಣೆ ಸವರಿ ಅರಿಶಿನ ಏರಿಸುತ್ತಿದ್ದರು, ಬೆಳಗಲು ಆಳು ಹಚ್ಚಲಿಲ್ಲ.

ನಾನು ಹೂಂ ಹೂಂ ಅನ್ನುತ್ತಿದ್ದೆ. ಹೂಂ ಸಾಲದಾಯಿತು ಅಂತ ಕಾಣುತ್ತದೆ. ಅವರು ಮಾತು ನಿಲ್ಲಿಸಿದರು.

“ಅಂದ್ರ ನಾನ ಕೆಡಿಸಿದ್ನೇನು ಅದನ್ನ?”

“ಕೆಟ್ಟಿಲ್ರಿ ಅಕ್ಕೋರ. ಬಣ್ಣ ಹೋಗ್ಯಾದ ಅಷ್ಟ.”

“ಆ ಡಾಕ್ಟರಿಗಿ ಬೇಕಾಗಿದ್ದು ಬಣ್ಣ ಅಲ್ಲೇನು?”

ಹೌದು ಅಂದೆ.

ಒಳಗೆ ಬಂದಾಗ ಚಾಚಾನಿಗೆ ನನ್ನ ಪೇಚಾಟ ಅರ್ಥವಾಗಿತ್ತು. ಒರೆಸಿದ ಜಾಗ ಉಗುರಿನಷ್ಟೇ ಇತ್ತು. ಅವರು ಅದರ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ಬೆರಳಿನಿಂದ ಪಕ್ಕದ ಕಂದು ಪದರವನ್ನು ಎಳೆದು ತೋರಿಸಿದರು. ಟ್ಯೂಬ್‌ಲೈಟಿನಲ್ಲಿ ಏನೂ ಕಾಣಲಿಲ್ಲ. “ಭಾನುವಾರ ಅಂವ ಬರ್ಲಿ,” ಅಂದರು. “ಅವಗೂ ಕಣ್ಣ ಅದಾವ. ನೋಡಿ ತಗೊಂಡ್ರ ಅದು ಅವನ ಕಣ್ಣಿನ ಮಾತು. ನೀ ಬರೀತಿ ಅಂದ್ರ ಕಟ್ಟರ್‌ಗಿ ನೀನ ಒಯ್ದು ಕೊಟ್ಟಂಗ.”

ಸೈದಾಪುರದ ಗಾಡಿ ಅವತ್ತು ತಡವಿತ್ತು. ಯಾದಗಿರಿಯ ಪ್ಲಾಟ್‌ಫಾರ್ಮಿನಲ್ಲಿ, ಹೋದ ವಾರ ಕೂತು ಮಾತಾಡಿದ ಬೆಂಚಿನ ಹತ್ತಿರ, ನಿಂತೇ ಇದ್ದೆ. ಯಾರನ್ನಾದರೂ ಕೇಳಬೇಕು ಅನ್ನಿಸಿತು. ಫೋನಿನಲ್ಲಿ ಹೆಸರುಗಳನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎಳೆದೆ. ಈ ಪ್ರಶ್ನೆ ಅರ್ಥವಾಗುವ ಮನುಷ್ಯ ಆ ಪಟ್ಟಿಯಲ್ಲಿ ಒಬ್ಬರೇ, ಡಾಕ್ಟರು. ಅವರನ್ನೇ ಕೇಳಲಾಗದು. ಬರೆಯದಿದ್ದರೆ ರೈಫಲ್ ಇಡಿಯಾಗಿ ಉಳಿಯುತ್ತದೆ, ಡಾಕ್ಟರೂ ನನಗೆ ಉಳಿಯುತ್ತಾರೆ. ಆದರೆ ಮುಂದೊಂದು ದಿನ ಅವರೂ ಸ್ಪಿರಿಟಿನ ಹತ್ತಿ ಇಡುತ್ತಾರೆ. ಅವತ್ತು ಈ ಬಂದೂಕು ಅವರ ಮನೆಯಲ್ಲಿ ಒಂದು ಮೋಸದ ಸಾಮಾನಾಗುತ್ತದೆ. ಅದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ನನ್ನ ನೋಟ್‌ಬುಕ್ಕಿನಲ್ಲಿ ಆ ಅರವತ್ತು ಕೂತಿತ್ತು. ಅದು ಸುಳ್ಳು ಅಂತ ಗೊತ್ತಾದ ಮೇಲೂ ಹಾಗೇ ಬಿಟ್ಟರೆ ಪಕ್ಕದ ಯಾವ ಸಾಲನ್ನೂ ನಾನೇ ನಂಬುವ ಹಾಗಿರಲಿಲ್ಲ.

ಎರಡನೇ ವರದಿ ನಿಂತಲ್ಲೇ ಬರೆದೆ. ಮೊದಲ ಸಾಲು: ನನ್ನ ಹಿಂದಿನ ವರದಿಯಲ್ಲಿ ಬಣ್ಣದ ಬಗ್ಗೆ ಬರೆದಿದ್ದು ತಪ್ಪು. ಆಮೇಲೆ ತಪ್ಪು ಹೇಗಾಯಿತು, ಹೇಗೆ ಗೊತ್ತಾಯಿತು, ಹತ್ತಿ, ಸುಣ್ಣ, ದುಂಡಾದ ಅಂಚು. ಮೂಲ ಬಣ್ಣ ನೂರಕ್ಕೆ ಎರಡೂ ಇಲ್ಲ, ನಳಿಗೆಯ ಕೆಳಗಿನ ಸಂದಿಯಲ್ಲಿ ಮಾತ್ರ. ಬೆಳಗಿದ್ದು ಯಂತ್ರದಿಂದಲ್ಲ, ಕೈಯಿಂದ, ಎರಡು ತಲೆಮಾರಿನ ಹೆಣ್ಣುಮಕ್ಕಳಿಂದ, ವರ್ಷಕ್ಕೊಮ್ಮೆ. ಕೆಲಸದ ಭಾಗಗಳೆಲ್ಲ ಸರಿ ಇವೆ. ಕಣ್ಣು ಮುಚ್ಚಿಕೊಂಡು ಕಳಿಸು ಒತ್ತಿದೆ.

ಮರುದಿನ ಶಿಫ್ಟ್ ಮುಗಿಸಿ ಬಂದು ನೋಡಿದರೆ ಉತ್ತರ ಇತ್ತು. ತಿಳಿಸಿದ್ದಕ್ಕೆ ಥ್ಯಾಂಕ್ಸ್, ಇದು ನನ್ನ ಸಂಗ್ರಹಕ್ಕೆ ಹೊಂದುವುದಿಲ್ಲ. ಅಷ್ಟೇ. ನಾನು ಎರಡು ದಿನ ಬಿಟ್ಟು ಘೋಡಾದ ಸ್ಪ್ರಿಂಗಿನ ಬಗ್ಗೆ ಒಂದು ಪ್ರಶ್ನೆ ಕಳಿಸಿದೆ. ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಮತ್ತೆ ಕಳಿಸಲಿಲ್ಲ.

ಅಕ್ಕೋರಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಡಾಕ್ಟರು ಬರುವುದಿಲ್ಲ ಅಂದೆ. ಯಾಕೆ ಅಂತ ಕೇಳಿದರು. ನಾನು ನಿಜ ಬರೆದೆ ಅಂದೆ. ಹಿಂದೆ ಶಾಲೆಯ ಮಕ್ಕಳ ಗದ್ದಲ ಕೇಳುತ್ತಿತ್ತು. ಕೊನೆಗೆ, “ಬರೀಬ್ಯಾಡಂತ ನಾನೂ ಹೇಳ್ತಿದ್ದಿಲ್ಲ ಬಿಡು,” ಅಂದರು. “ಆದ್ರ ಒಂದ ಮಾತ ನನ್ನ ಕೇಳಬೇಕಾಗಿತ್ತು ನೀ.”

ಅದು ನಿಜ. ನಾನು ಕೇಳಿರಲಿಲ್ಲ. ಯಾರೂ ಇಲ್ಲ ಅಂತ ಅವತ್ತು ಪ್ಲಾಟ್‌ಫಾರ್ಮಿನಲ್ಲಿ ಹೆಸರು ಎಳೆಯುತ್ತಿದ್ದಾಗ ಅಕ್ಕೋರ ಹೆಸರು ಎರಡು ಸಲ ದಾಟಿ ಹೋಗಿತ್ತು.

ಉಳಿದ ದಿನಗಳಲ್ಲಿ ಇನ್ನೂ ಮೂವರಿಗೆ ಬರೆದೆ. ಯಾರಿಗೂ ಬೇಡವಾಯಿತು. ತಿಂಗಳು ತುಂಬಿತು, ಬಂದೂಕು ಸರ್ಕಾರಕ್ಕೆ ಒಪ್ಪಿಸುವ ದಿನ ಬಂತು. ಒಂದು ದಿನ ರಜೆ ಹಾಕಿ ನಾನೂ ಯಾದಗಿರಿಗೆ ಹೋದೆ. ಚಾಚಾ ಕಾಗದಗಳ ಸಮೇತ ರೈಫಲನ್ನು ಜೀಪಿನಲ್ಲಿ ತಂದಿದ್ದರು, ಅಕ್ಕೋರು ಸುರಪುರದಿಂದ ಬಸ್ಸಿಗೆ ಬಂದಿದ್ದರು. ಅವರನ್ನು ನಾನು ಮುಖತಃ ನೋಡಿದ್ದು ಅವತ್ತೇ. ನನಗಿಂತ ಹದಿನೈದು ವರ್ಷ ದೊಡ್ಡವರು. ಕೈಯಲ್ಲಿ ಒಂದು ಸಣ್ಣ ಪೊಟ್ಟಣ, ಕುಂಕುಮ ಇರಬೇಕು, ಅದನ್ನು ಬಿಚ್ಚಲೇ ಇಲ್ಲ.

ಪೊಲೀಸ್ ಕಚೇರಿಯ ಆಯುಧ ಇಡುವ ಕೋಣೆಯಲ್ಲಿ ಒಬ್ಬ ಹಿರಿಯ ಪೊಲೀಸರು ಇದ್ದರು, ಬಂದೂಕು ರಿಪೇರಿ ನೋಡಿಕೊಳ್ಳುವವರು, ನಿವೃತ್ತಿಗೆ ಹತ್ತಿರ ಬಂದವರು. ಗೋಡೆಯ ಒಂದು ಬದಿಗೆ ಮರದ ಸ್ಟ್ಯಾಂಡಿನಲ್ಲಿ ಬಂದೂಕುಗಳು ನಿಂತಿದ್ದವು. ಇನ್ನೊಂದು ಬದಿಗೆ ನೆಲದ ಮೇಲೆ ರಾಶಿ, ತುಕ್ಕು ಹಿಡಿದ ನಳಿಗೆಗಳು, ಕುಂದಾ ಇಲ್ಲದವು. ಕಟ್ಟರಿಗೆ ಹೋಗುವುದು ಯಾವುದು ಅಂತ ಕೇಳುವ ಅಗತ್ಯ ಇರಲಿಲ್ಲ. ಅವರ ಮುಂದಿನ ಫಾರಮ್ಮಿನಲ್ಲಿ ಸ್ಥಿತಿಗೆ ಒಂದು ಬೆರಳಗಲದ ಖಾನೆ.

ಅವರು ರೈಫಲ್ ತೆಗೆದುಕೊಂಡು ಗೋಡೆಗೆ ಬಾಯಿ ಮಾಡಿ ಲಿವರ್ ತಳ್ಳಿದರು, ಕಿರುಬೆರಳು ಪಕ್ಕದ ಬಾಗಿಲಿಗೆ ಹೋಯಿತು, ಆಮೇಲೆ ಹೆಬ್ಬೆರಳಿನ ಉಗುರನ್ನು ತೆರೆದ ಬಾಯಿಗೆ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡಿದರು. ಯೋಚನೆ ಇಲ್ಲದೆ, ಅಂಗಿಯ ಗುಂಡಿ ಹಾಕಿಕೊಂಡಷ್ಟು ಸಲೀಸಾಗಿ. ನಾನು ರಾತ್ರಿಗಟ್ಟಲೆ ಫೋನಿನಲ್ಲಿ ನೋಡಿ ಕಲಿತದ್ದನ್ನು ಕಣ್ಣೆದುರು ಒಬ್ಬರು ಮಾಡುವುದನ್ನು ಮೊದಲ ಸಲ ನೋಡಿದೆ.

“ನಳಿಗಿ ತಿಂದದ,” ಅಂದರು. “ಹಳೀದು. ಬಣ್ಣಾನೂ ಇಲ್ಲ.” ಪೆನ್ನು ಖಾನೆಯ ಹತ್ತಿರ ಹೋಯಿತು.

ಅಕ್ಕೋರು ನನ್ನ ಕಡೆ ನೋಡಿದರು. ನಾನು ಚೀಲದಿಂದ ಎರಡನೇ ವರದಿಯ ಪ್ರಿಂಟ್ ತೆಗೆದು ಟೇಬಲ್ ಮೇಲೆ ಇಟ್ಟೆ, ಆರು ಪುಟ. ಇದನ್ನು ನೋಡಿ ಬರೆಯಿರಿ ಅಂತ ಕೇಳಿಕೊಂಡೆ. ಅವರು ಕನ್ನಡಕ ಏರಿಸಿ ಮೊದಲ ಸಾಲು ಓದಿ, ತಲೆ ಎತ್ತಿ ನನ್ನನ್ನು ನೋಡಿ, ಮತ್ತೆ ಓದಲು ಶುರು ಮಾಡಿದರು. ಪೂರ್ತಿ ಆರು ಪುಟ. ಮಧ್ಯೆ ಒಮ್ಮೆ ಎದ್ದು ಟಾರ್ಚ್ ತಂದು ನಳಿಗೆಯ ಕೆಳಗಿನ ಸಂದಿಯಲ್ಲಿ ಬಿಟ್ಟು ನೋಡಿದರು. ಹಾಗೇ ಬಗ್ಗಿಕೊಂಡು ನಿಂತರು. ಬಾ ಅಂತ ಅಕ್ಕೋರನ್ನು ಕೈ ಮಾಡಿ ಕರೆದು ಅವರಿಗೂ ತೋರಿಸಿದರು. ಅಕ್ಕೋರು ಒಂದು ಕಣ್ಣು ಮುಚ್ಚಿ ನೋಡಿದರು. ಸೆರಗಿನಿಂದ ಮೂಗು ಒರೆಸಿಕೊಂಡರು.

“ಮೊದಲ ತಪ್ಪ ಬರದಿದ್ದೆ ಅಂತ ನೀನ ಬರದೀಯಲ್ಲ, ಯಾರರೆ ಬಂದು ಹಿಡದಿದ್ರೇನು?” ಅಂತ ಪೊಲೀಸರು ನನ್ನನ್ನು ಕೇಳಿದರು.

“ಇಲ್ರಿ. ನಾನ ನೋಡಿದ್ನಿರಿ.”

“ಸಹಿ ಎಲ್ಲದ?”

ಸಹಿ ಹಾಕಿರಲಿಲ್ಲ. ಬಂದೂಕಿನ ವಿಷಯ, ನಾನು ಯಾರೂ ಅಲ್ಲ, ನಾಳೆ ಯಾರಾದರೂ ನೀನ್ಯಾರು ಅಂದರೆ ಅನ್ನುವ ಹೆದರಿಕೆ. ಈ ಕೆಲಸಕ್ಕೆ ನನ್ನ ಹತ್ತಿರ ಯಾವ ಸರ್ಟಿಫಿಕೇಟೂ ಇಲ್ಲ ಅಂದೆ.

“ನೋಡಿದಂವ ಯಾರು ಅಂತ ಹೇಳಾಕ ಸರ್ಟಿಫಿಕೇಟ್ ಬೇಕಾಗಿಲ್ಲ. ಪ್ರತಿ ಹಾಳಿಗಿ ಮಾಡು. ಊರು, ಫೋನ್ ನಂಬರ್ ಬರಿ.”

ಆರು ಸಹಿ ಮಾಡಿದೆ. ಆರೂ ಬೇರೆ ಬೇರೆಯಾಗಿ ಬಂದವು. ಅವರು ಫಾರಮ್ಮಿನ ಖಾನೆಯಲ್ಲಿ, ಯಂತ್ರ ಸರಿ ಇದೆ, ಪುರಾತನ, ವಿವರ ಲಗತ್ತು ಅಂತ ಬರೆದರು. ಹಳೇ ವಸ್ತುಗಳ ಇಲಾಖೆಗೆ ಒಂದು ಪತ್ರ ಹಾಕುತ್ತೇನೆ, ಉತ್ತರ ಬರುವವರೆಗೂ ಇದು ಇಲ್ಲೇ ಇರುತ್ತದೆ ಅಂದರು. ಆರು ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ದಾರದಿಂದ ಲಿವರಿನ ಕಡಗಕ್ಕೆ ಕಟ್ಟಿ, ರೈಫಲನ್ನು ಮರದ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು.

ಅಕ್ಕೋರು ಬಾಗಿಲಲ್ಲಿ ನಿಂತು ಕೇಳಿದರು, “ಇದನ್ನ ಕತ್ತರಸೂದಿಲ್ಲಲ್ರಿ?”

“ನಾ ಇರೋತನಾ ಇಲ್ಲವ್ವ.”

“ಆಮ್ಯಾಲ?”

“ಆಮ್ಯಾಲ ಬರಾಂವ ಕತ್ತರಸೂಕಿಂತ ಮುಂಚಿ ಆ ಹಾಳಿ ಬಿಚ್ಚಬೇಕಲ್ಲ. ಬಿಚ್ಚಿದಂವ ಓದ್ತಾನ.”

ಹೊರಗೆ ಬಂದು ಮೂವರೂ ಚಹಾ ಕುಡಿದೆವು. ಚಾಚಾ ಜೀಪಿನಲ್ಲಿ ಹೊರಟರು, ಅಕ್ಕೋರನ್ನು ಶಹಾಪುರದವರೆಗೆ ಬಿಡುತ್ತೇನೆ ಅಂದರು. ಜೀಪು ಹತ್ತುವ ಮೊದಲು ಅಕ್ಕೋರು ಆ ವರದಿಯ ಒಂದು ನಕಲು ತಮಗೂ ಬೇಕು ಅಂದರು. ನನ್ನ ಹತ್ತಿರ ಇದ್ದ ಇನ್ನೊಂದು ಪ್ರತಿ ಕೊಟ್ಟೆ. ಅದಕ್ಕೂ ಸಹಿ ಮಾಡು ಅಂದರು, ಜೀಪಿನ ಬಾನೆಟ್ಟಿನ ಮೇಲಿಟ್ಟು ಮಾಡಿಕೊಟ್ಟೆ. ನಾನು ಸ್ಟೇಷನ್ ಕಡೆ ನಡೆದೆ.

ಆ ಹಿರಿಯ ಪೊಲೀಸರನ್ನು ಕೇಳಬೇಕಾಗಿದ್ದ ಪ್ರಶ್ನೆಗಳು ಗಾಡಿ ಹತ್ತಿದ ಮೇಲೆ ಒಂದೊಂದಾಗಿ ನೆನಪಾದವು. ಘೋಡಾದ ಸ್ಪ್ರಿಂಗಿನದೂ ಅದರಲ್ಲಿತ್ತು. ಅವರ ಫೋನ್ ನಂಬರ್ ಕೇಳಿರಲಿಲ್ಲ, ಅವರ ಹತ್ತಿರ ಮಾತ್ರ ನನ್ನದು ಆರು ಸಲ ಇತ್ತು.

ಮಧ್ಯಾಹ್ನ ರೂಮಿಗೆ ಬಂದಾಗ ನೈಟ್ ಶಿಫ್ಟಿನ ಹುಡುಗ ಮುಸುಕು ಹೊದ್ದು ಮಲಗಿದ್ದ. ಬಾಗಿಲ ಸದ್ದಿಗೆ ಒಂದು ಕಣ್ಣು ತೆರೆದು, ರಜಾ ಹಾಕಿ ಎಲ್ಲಿಗಿ ಹೋಗಿದ್ದಿ ಅಂತ ಕೇಳಿದ.

“ಯಾದಗಿರಿಗಿ,” ಅಂದೆ. “ಒಂದ ಸಹಿ ಮಾಡೋದಿತ್ತು.”

ಬ್ಯಾಂಕಿನ ಕೆಲಸ ಅಂದುಕೊಂಡನೋ ಏನೋ, ಹಾಂ ಅಂದು ಗೋಡೆಯ ಕಡೆ ಹೊರಳಿ ಮಲಗಿದ.